ಮಗಳ ಮುಖದ ಮೇಲಣ ಹಕ್ಕು

ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳು ತಮ್ಮ ಮುಖಕ್ಕೆ ವೈದ್ಯರ ಕೈಯಿಂದ ಸೌಂದರ್ಯಚಿಕಿತ್ಸೆಗಳನ್ನು ಮಾಡಿಸಿಕೊಳ್ಳುವ ಪದ್ಧತಿಯು ಈಚೆಗೆ ಬೆಂಗಳೂರಿನಂಥ ಮಹಾನಗರದ ಎಲ್ಲೆಯನ್ನು ದಾಟಿ ಜಿಲ್ಲೆಯ ಊರುಗಳಿಗೂ ಬಂದು ಸೇರಿದೆ. ಹುಬ್ಬುಗಳ ನಡುವಣ ಗೆರೆಗಳನ್ನು ಅಳಿಸುವ ಚುಚ್ಚುಮದ್ದು, ಕೆನ್ನೆ ತುಟಿಗಳನ್ನು ತುಂಬಿಕೊಡುವ ಫಿಲ್ಲರು, ಕಲೆಗಳನ್ನು ತೆಗೆಯುವ ಲೇಸರ್ ಕಿರಣ, ಮೇಲುಚರ್ಮವನ್ನು ಸುಲಿದು ಹೊಸತನ್ನು ತರುವ ಆಮ್ಲಲೇಪ, ಇವೆಲ್ಲ ಚಿತ್ರತಾರೆಯರಿಗೆ ಮಾತ್ರ ಮೀಸಲಾಗಿದ್ದ ಕಾಲವು ಹೋಯಿತು. ಶಾಲೆಯಲ್ಲಿ ಪಾಠ ಹೇಳುವ, ಬ್ಯಾಂಕಿನಲ್ಲಿ ಲೆಕ್ಕ ನೋಡುವ, ಕಚೇರಿಗಳಲ್ಲಿ ದುಡಿಯುವ ಹೆಂಗಸರೂ ತಮ್ಮ ಸಂಬಳದ ಹಣದಿಂದ ಇವನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಇದರ ಬೆನ್ನಿಗೇ ಮನೆಗಳಲ್ಲಿ ಒಂದು ಹೊಸ ವಾದವೂ ಹುಟ್ಟಿಕೊಂಡಿದೆ. ಅದು ಗಂಡಹೆಂಡಿರ ವಾದವಲ್ಲ, ಅತ್ತೆಸೊಸೆಯರದೂ ಅಲ್ಲ, ತಾಯಿಮಗಳ ವಾದ. "ನಾನು ಹೆತ್ತ ಮುಖಕ್ಕೆ ಏನು ಕೊರತೆಯಾಗಿತ್ತೇ?" ಎಂಬುದು ಅದರ ಮೊದಲ ಮಾತು. ಎಷ್ಟೋ ಮನೆಗಳಲ್ಲಿ ಅದೇ ಕೊನೆಯ ಮಾತೂ ಹೌದು. ಆಮೇಲೆ ಉಳಿಯುವುದು ಮೌನ ಮಾತ್ರ.

ಈ ವಾದದಲ್ಲಿ ನೆರೆಹೊರೆಯವರ ಸಹಾನುಭೂತಿಯೆಲ್ಲ ಒಮ್ಮೆಗೇ ತಾಯಿಯ ಕಡೆಗೆ ಹರಿಯುವುದು ವಾಡಿಕೆ. ಒಂಬತ್ತು ತಿಂಗಳು ಹೊತ್ತವಳು, ಹಾಲೂಡಿದವಳು, ಇರುಳುಗಳನ್ನು ನಿದ್ದೆಗೆಟ್ಟು ಕಳೆದವಳು. ಅವಳ ಮಾತಿಗೆ ಎದುರಾಡುವವರು ಯಾರು? ಆದರೆ ಪೂಜ್ಯತೆಯು ಬೇರೆ, ನ್ಯಾಯವು ಬೇರೆ. ವಿಚಾರ ಮಾಡಿ ನೋಡಿದರೆ ತಾಯಿಯ ಆಕ್ಷೇಪದಲ್ಲಿ ಎರಡು ಬೇರೆಬೇರೆ ಎಳೆಗಳು ಹೆಣೆದುಕೊಂಡಿರುವುದು ಕಂಡುಬರುತ್ತದೆ. ಒಂದು ಅಭಿಮಾನದ ಎಳೆ, ಇನ್ನೊಂದು ಭಯದ ಎಳೆ. ಅಭಿಮಾನದ ಎಳೆಗೆ ನ್ಯಾಯದ ಬಲವಿಲ್ಲ. ಭಯದ ಎಳೆಗೆ ಬಲವುಂಟು. ಆದರೆ ಆ ಭಯವು ನಿಜವಾದ ಅಪಾಯವನ್ನು ಬಗಲಲ್ಲಿಟ್ಟುಕೊಂಡು ಬೇರೊಂದನ್ನು ಕಂಡು ಬೆದರುತ್ತಿದೆ. ಈ ಎರಡು ಎಳೆಗಳನ್ನು ಬಿಡಿಸಿ ನೋಡದೆ ತಾಯಿಯನ್ನು ಹೊಗಳುವುದೂ ತಪ್ಪು, ಮಗಳನ್ನು ಹಳಿಯುವುದೂ ತಪ್ಪು.

ಮೊದಲಿಗೆ "ದೇವರು ಕೊಟ್ಟ ಮುಖವನ್ನು ತಿದ್ದಬಾರದು" ಎಂಬ ಮಾತನ್ನು ತೆಗೆದುಕೊಳ್ಳಬಹುದು. ಈ ಮಾತನ್ನಾಡುವ ತಾಯಿಯು ಬಾಣಂತನದ ದಿನಗಳನ್ನು ಒಮ್ಮೆ ನೆನೆದುಕೊಳ್ಳಲಿ. ಎಣ್ಣೆನೀರೆರೆಯುವ ಮುದುಕಿಯು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ನೀಳವಾಗಲೆಂದು ಬೆರಳಿನಿಂದ ತೀಡಿ, ತಲೆ ಗುಂಡಗಾಗಲೆಂದು ಅಂಗೈಯಿಂದ ಒತ್ತಿ, ಮೈಮೇಲಣ ಎಳೆಗೂದಲು ಉದುರಲೆಂದು ಕಡಲೆಹಿಟ್ಟನ್ನು ತಿಕ್ಕಿದಾಗ ದೇವರು ಕೊಟ್ಟ ಮುಖದ ಪ್ರಶ್ನೆಯು ಹುಟ್ಟಲಿಲ್ಲ. ಹಸುಗೂಸಿನ ಕಿವಿಯನ್ನು ಚುಚ್ಚಿಸಿದಾಗ, ಹುಡುಗಿಯ ಮೂಗನ್ನು ಚುಚ್ಚಿಸಿದಾಗ, ಹಿಂದಿನ ತಲೆಮಾರುಗಳಲ್ಲಿ ಹಣೆಗೂ ಗಲ್ಲಕ್ಕೂ ಹಚ್ಚೆ ಹಾಕಿಸಿದಾಗ ಯಾರೂ ದೇವರ ಅಪ್ಪಣೆಯನ್ನು ಬೇಡಲಿಲ್ಲ. ಕೂಸಿನ ಅಪ್ಪಣೆಯನ್ನಂತೂ ಕೇಳುವ ಮಾತೇ ಇರಲಿಲ್ಲ. ತನ್ನ ಸಮ್ಮತಿಯನ್ನು ಕೊಡಲಾರದ ಮೂರು ತಿಂಗಳ ಶಿಶುವಿನ ಮುಖವನ್ನು ತಿದ್ದುವುದು ಸಂಸ್ಕಾರವಾದರೆ, ಮೂವತ್ತು ವರ್ಷದ ವಿವೇಕವುಳ್ಳ ಹೆಂಗಸು ತನ್ನ ಮುಖವನ್ನು ತಾನೇ ತಿದ್ದಿಸಿಕೊಳ್ಳುವುದು ದೈವದ್ರೋಹವಾಗುವ ಬಗೆ ಹೇಗೆ?

ಶಾಸ್ತ್ರದ ಹೆಸರನ್ನು ಎತ್ತುವವರಿಗೂ ಇಲ್ಲಿ ಆಸರೆ ಸಿಕ್ಕಲಾರದು. ಸುಶ್ರುತಸಂಹಿತೆಯು ಹರಿದ ಕಿವಿಯ ಹಾಲೆಯನ್ನು ಕೂಡಿಸುವ, ಕೆನ್ನೆಯ ಚರ್ಮವನ್ನು ತಿರುಗಿಸಿ ಕಡಿದ ಮೂಗನ್ನು ಕಟ್ಟುವ ವಿಧಾನಗಳನ್ನು ವಿವರಿಸುತ್ತದೆ. ಈ ವಿದ್ಯೆಯ ಕಥೆಯಲ್ಲಿ ಮೈಸೂರಿನ ಹೆಸರೂ ಬರುತ್ತದೆ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತುಗಳನ್ನು ಹೊಡೆಯುತ್ತಿದ್ದ ಕೊವಾಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆಮೇಲೆ ಪುಣೆಯ ಹತ್ತಿರದ ದೇಶೀಯ ಕುಶಲಿಯೊಬ್ಬನು ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರದಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಅಲ್ಲಿನ ಶಸ್ತ್ರವೈದ್ಯನು 1814ರಲ್ಲಿ ಅದೇ ವಿಧಾನವನ್ನು ಅನುಸರಿಸಿ ಯಶಸ್ವಿಯಾದನು. ಮುಖವನ್ನು ತಿದ್ದುವ ವಿದ್ಯೆಯು ಪಶ್ಚಿಮದ ಹುಚ್ಚೆಂದು ಮೂಗುಮುರಿಯುವವರು ಇಷ್ಟನ್ನು ತಿಳಿದಿರುವುದೊಳ್ಳೆಯದು.

"ಅದು ಕಳೆದುಹೋದ ಮೂಗಿನ ಮಾತು, ಇದು ಇರುವ ಮೂಗನ್ನು ಅಂದಗೊಳಿಸುವ ಮೋಜು" ಎಂದು ತಾಯಿಯು ಉತ್ತರಕೊಡಬಹುದು. ಉತ್ತರವು ಸರಿಯಾದುದೇ. ಆದರೆ ಹಾಗೆ ಹೇಳಿದೊಡನೆ ಅವಳ ಮೊದಲಿನ ಆಕ್ಷೇಪವು ಬಿದ್ದುಹೋಯಿತು. ಮುಖವನ್ನು ಮುಟ್ಟುವುದು ತಪ್ಪಲ್ಲ, ಮುಟ್ಟುವ ಉದ್ದೇಶವು ತಪ್ಪು ಎಂದು ಅವಳು ಒಪ್ಪಿದಂತಾಯಿತು. ಉದ್ದೇಶವೆಂದರೆ ಏನು? ಇದ್ದ ಮುಖವು ಸಾಲದು ಎಂಬ ಭಾವನೆ. ಹಾಗಾದರೆ ಆ ಭಾವನೆಯನ್ನು ಮಗಳ ಮನಸ್ಸಿನಲ್ಲಿ ಬಿತ್ತಿದವರು ಯಾರೆಂಬುದೇ ಮುಂದಿನ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಮನೆಯ ಹೊಸಿಲನ್ನು ದಾಟಿ ಹೋಗಬೇಕಾಗಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಕನ್ನಡದ ತಾಯಂದಿರು ತಮ್ಮ ಮಮತೆಗೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಗಾದೆಯು ನಿಜವಾಗಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ಗಂಡುಮಗುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಹೆಣ್ಣಿನ ವಿಷಯದಲ್ಲಿ ಅದಕ್ಕೆ ಎಷ್ಟೋ ವಿನಾಯಿತಿಗಳುಂಟು. ಹೆಣ್ಣುಕೂಸು ಹುಟ್ಟಿದ ದಿನವೇ ಅದರ ಕಿವಿಯ ಅಂಚನ್ನು ನೋಡಿ ಮುಂದೆ ಬರುವ ಬಣ್ಣವನ್ನು ಊಹಿಸುವ ಹೆಂಗಸರು ಸುತ್ತಲೂ ನೆರೆದಿರುತ್ತಾರೆ. ಬಸಿರಿಯು ಕೇಸರಿ ಹಾಕಿದ ಹಾಲನ್ನು ಕುಡಿದದ್ದು ಯಾವ ಫಲಕ್ಕಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳುಪು, ಕೆಂಪು, ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು, ಕಪ್ಪು ಎಂದು ಮನುಷ್ಯರ ಮೈಬಣ್ಣಕ್ಕೆ ಮಾಡಿರುವ ಈ ಮೆಟ್ಟಿಲುಗಳನ್ನು ಮಗಳು ಕಲಿಯುವುದು ಶಾಲೆಯಲ್ಲಲ್ಲ. ಅಡಿಗೆಮನೆಯಲ್ಲಿ, ಹಜಾರದಲ್ಲಿ, ಮದುವೆಯ ಚಪ್ಪರದಲ್ಲಿ. "ಬಿಸಿಲಿನಲ್ಲಿ ಆಡಬೇಡ, ಕರ್ರಗಾಗುತ್ತೀಯೆ" ಎಂಬ ಮಾತು ಅಣ್ಣನ ಕಿವಿಗೆ ಬೀಳುವುದಿಲ್ಲ, ತಂಗಿಯ ಕಿವಿಗೆ ಮಾತ್ರ ಬೀಳುತ್ತದೆ. "ಪಾಪ, ಅಪ್ಪನ ಬಣ್ಣ ಬಂದುಬಿಟ್ಟಿದೆ" ಎಂದು ನೆಂಟರು ಅಂದಾಗ ತಾಯಿಯು ಅವರನ್ನು ಗದರಿದ ಮನೆಗಳೆಷ್ಟು, ಅವರೊಡನೆ ತಾನೂ ನಿಟ್ಟುಸಿರಿಟ್ಟ ಮನೆಗಳೆಷ್ಟು?

ಹೆಣ್ಣು ನೋಡುವ ಶಾಸ್ತ್ರದ ವಿಚಾರವನ್ನಂತೂ ಹೇಳುವುದೇ ಬೇಡ. ಬಂದವರ ಮುಂದೆ ಮಗಳನ್ನು ಕೂರಿಸುವ ಮುನ್ನ ಮೊಗಕ್ಕೆ ಪೌಡರು ಬಳಿದು, ದೀಪದ ಬೆಳಕು ಯಾವ ಕಡೆಯಿಂದ ಬೀಳಬೇಕೆಂದು ಯೋಚಿಸಿ, "ಫೋಟೋದಲ್ಲಿ ಸ್ವಲ್ಪ ಕಪ್ಪಗೆ ಕಾಣುತ್ತಾಳೆ, ನಿಜವಾಗಿ ಹಾಗಿಲ್ಲ" ಎಂದು ಕ್ಷಮೆ ಬೇಡುವ ದನಿಯಲ್ಲಿ ಹೇಳಿದವಳು ಯಾರು? ತನ್ನ ಮುಖವು ಕ್ಷಮೆ ಬೇಡಬೇಕಾದ ವಸ್ತುವೆಂದು ಮಗಳು ತಿಳಿದುಕೊಂಡದ್ದು ಅಂದೇ. ಹತ್ತು ವರ್ಷಗಳ ಮೇಲೆ ಅವಳು ತನ್ನ ಹಣದಿಂದ ಆ ಮುಖವನ್ನು ತಿದ್ದಿಸಿಕೊಂಡು ಬಂದರೆ, "ನಾನು ಹೆತ್ತ ಮುಖಕ್ಕೆ ಏನು ಕೊರತೆ?" ಎಂದು ಕೇಳುವ ಅಧಿಕಾರವು ತಾಯಿಗೆ ಎಲ್ಲಿಂದ ಬಂದಿತು? ಕೊರತೆಗಳ ಪಟ್ಟಿಯನ್ನು ಬರೆದುಕೊಟ್ಟವಳು ಅವಳೇ ಅಲ್ಲವೆ?

ವ್ಯಾಪಾರಿಗಳ ಪಾಪವನ್ನು ಇಲ್ಲಿ ಮರೆಯಬೇಕೆಂದಲ್ಲ. ಹಿಂದೂಸ್ಥಾನ್ ಲಿವರ್ ಸಂಸ್ಥೆಯು ಫೇರ್ ಅಂಡ್ ಲವ್ಲಿ ಎಂಬ ಮುಲಾಮನ್ನು ಪೇಟೆಗೆ ತಂದದ್ದು 1975ರಲ್ಲಿ. ಅದರ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದು ಗ್ಲೋ ಅಂಡ್ ಲವ್ಲಿ ಎಂದು ಕರೆದದ್ದು 2020ರಲ್ಲಿ. ನಡುವಣ 45 ವರ್ಷ ಬಿಳಿಯ ಹುಡುಗಿಗೆ ಕೆಲಸ, ಬಿಳಿಯ ಹುಡುಗಿಗೆ ಗಂಡ ಎಂಬ ಪಾಠವು ಮನೆಮನೆಯ ಪರದೆಯ ಮೇಲೆ ನಡೆಯಿತು. ಆದರೂ ವ್ಯಾಪಾರಿಗೆ ಲಗಾಮು ಹಾಕುವವರು ತಡವಾಗಿಯಾದರೂ ಬಂದರು. ಕಪ್ಪು ಬಣ್ಣದವರನ್ನು ಕುರೂಪಿಗಳಂತೆ, ದುಃಖಿಗಳಂತೆ, ಮದುವೆಗೂ ಉದ್ಯೋಗಕ್ಕೂ ಅನರ್ಹರಂತೆ ತೋರಿಸಕೂಡದೆಂದು ಭಾರತದ ಜಾಹೀರಾತು ಮಾನಕ ಮಂಡಲಿಯು 2014ರಲ್ಲಿ ನಿಯಮ ಮಾಡಿತು. ವಧೂವರರನ್ನು ಕೂಡಿಸುವ ಶಾದಿ ಡಾಟ್ ಕಾಮ್ ತಾಣವು ಮೈಬಣ್ಣದ ಪ್ರಕಾರ ಆರಿಸುವ ಅನುಕೂಲವನ್ನು 2020ರಲ್ಲಿ ತೆಗೆದುಹಾಕಿತು. ಜಾಹೀರಾತಿನವನು ಇಂದು ಆಡಲು ಅಂಜುವ ಮಾತನ್ನು ತಾಯಂದಿರು ಹಜಾರದಲ್ಲಿ ಕುಳಿತು ನಿರ್ಭಯವಾಗಿ ಆಡುತ್ತಿದ್ದಾರೆ. ಮನೆಯೊಳಗಣ ಜಾಹೀರಾತಿಗೆ ಮಂಡಲಿಯಿಲ್ಲ, ನಿಯಮವಿಲ್ಲ, ದಂಡವೂ ಇಲ್ಲ.

ತಾಯಿಯ ಅಭಿಮಾನದ ಪಕ್ಷದಲ್ಲಿ ಹೇಳಬಹುದಾದ ಒಂದೇ ಒಂದು ಗಟ್ಟಿಯಾದ ಮಾತುಂಟು. ಅದನ್ನು ಹೇಳದೆ ಬಿಡುವುದು ಅನ್ಯಾಯವಾದೀತು. ಮುಖವೆಂಬುದು ಒಬ್ಬರ ಸೊತ್ತಲ್ಲ, ವಂಶದ ಬರಹ. ತೀರಿಹೋದ ತನ್ನ ತಾಯಿಯ ಹಣೆಯನ್ನೂ, ತಂದೆಯ ಮೂಗನ್ನೂ ಮಗಳಲ್ಲಿ ಕಾಣುವ ಹೆಂಗಸಿಗೆ ಆ ಮುಖವು ಬದಲಾದಾಗ ಎರಡನೆಯ ಸಲ ತಾಯಿತಂದೆಗಳನ್ನು ಕಳೆದುಕೊಂಡಂತಾಗುವುದು ಸುಳ್ಳಲ್ಲ. ಈ ದುಃಖವನ್ನು ಹಾಸ್ಯಮಾಡುವವರು ಹೃದಯವಿಲ್ಲದವರು. ಆದರೆ ಇದಕ್ಕೂ ಉತ್ತರವುಂಟು. ಅಜ್ಜಿಯ ಹಣೆ, ಅಜ್ಜನ ಮೂಗು ಎಂಬ ಮಾತು ಮಗಳ ಕಿವಿಗೆ ಹೊಗಳಿಕೆಯಾಗಿ ಬಿದ್ದಿತೋ, ಮರುಕವಾಗಿ ಬಿದ್ದಿತೋ? ವಂಶದ ಗುರುತೆಂದು ಹೆಮ್ಮೆಯಿಂದ ಕೊಟ್ಟಿದ್ದರೆ ಅವಳು ಅದನ್ನು ಒಡವೆಯಂತೆ ಕಾಪಾಡುತ್ತಿದ್ದಳು. ದುರದೃಷ್ಟವೆಂಬಂತೆ ಹೊರಿಸಿದ್ದನ್ನು ಅವಳು ಇಳಿಸಿದ್ದಾಳೆ. ಅಲ್ಲದೆ ಹೆಣ್ಣುಮಗಳು ಹಿರಿಯರ ಚಿತ್ರಗಳನ್ನು ತೂಗುಹಾಕುವ ಗೋಡೆಯಲ್ಲ. ಆ ಮುಖವನ್ನು ಹೊತ್ತು ಬೀದಿಯಲ್ಲಿ ನಡೆಯುವವಳು ಅವಳು, ಅದಕ್ಕೆ ಬರುವ ಮಾತುಗಳನ್ನು ಕೇಳುವವಳೂ ಅವಳು.

ಖರ್ಚಿನ ಮಾತನ್ನೆತ್ತುವ ತಾಯಂದಿರೂ ಇದ್ದಾರೆ. ಸಾವಿರಾರು ರೂಪಾಯಿಗಳನ್ನು ನಾಲ್ಕು ತಿಂಗಳಲ್ಲಿ ಕರಗಿಹೋಗುವ ಔಷಧಕ್ಕೆ ಸುರಿಯುವುದು ಮೂರ್ಖತನವೆಂದು ಅವರ ವಾದ. ಒಂದು ದಿನ ಉಟ್ಟು ಪೆಟ್ಟಿಗೆಗೆ ಸೇರಿಸುವ ಧಾರೆಯ ಸೀರೆಗೂ, ಒಂದೇ ಹಗಲು ನಿಲ್ಲುವ ಮದುವೆಯ ಮುಖಾಲಂಕಾರಕ್ಕೂ ಸಾಲ ಮಾಡಿ ಸುರಿದ ಕೈಯಿಂದ ಈ ಲೆಕ್ಕ ಬರುವುದು ವಿಚಿತ್ರವಾಗಿದೆ. ಖರ್ಚು ದೊಡ್ಡದೆಂಬುದಲ್ಲ ಇಲ್ಲಿನ ಕೋಪ. ಖರ್ಚನ್ನು ಮಗಳು ತಾನೇ ತೀರ್ಮಾನಿಸಿದಳೆಂಬುದು.

ಇನ್ನು ಭಯದ ವಿಚಾರ. ಇಲ್ಲಿ ತಾಯಿಯ ಮಾತಿಗೆ ಕಿವಿಗೊಡಬೇಕಾದುದು ನ್ಯಾಯ. ಏಕೆಂದರೆ ಅಪಾಯಗಳು ನಿಜವಾದವು. ಹುಬ್ಬಿನ ನಡುವಣ ಗೆರೆಗೆ ಚುಚ್ಚುವ ಬೊಟಾಕ್ಸ್ ಎಂಬುದು ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಜೀವಾಣುವಿನ ವಿಷ. ಹಳಸಿದ ಮಾಂಸವನ್ನು ತಿಂದವರನ್ನು ಅದು ಹೇಗೆ ಕೊಲ್ಲುತ್ತದೆಂಬುದನ್ನು ಜರ್ಮನಿಯ ವೈದ್ಯನೂ ಕವಿಯೂ ಆದ ಜಸ್ಟಿನಸ್ ಕೆರ್ನರನು 1820ರ ಸುಮಾರಿನಲ್ಲಿಯೇ ವರ್ಣಿಸಿದ್ದನು. ಅದೇ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕಣ್ಣಿನ ಸ್ನಾಯುಗಳ ರೋಗಕ್ಕೆ ಬಳಸಲು ಅಮೆರಿಕದ ಸರಕಾರವು 1989ರಲ್ಲಿ ಒಪ್ಪಿಗೆಯಿತ್ತಿತು. ಕೆನಡದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರೂಥರ್ಸ್ ಹೀಗೆ ಚಿಕಿತ್ಸೆ ಮಾಡುತ್ತಿದ್ದಾಗ ರೋಗಿಗಳ ಹುಬ್ಬಿನ ಗೆರೆಗಳು ಮಾಯವಾದುದನ್ನು ಕಂಡು, ಚರ್ಮವೈದ್ಯನಾದ ಪತಿಯೊಡನೆ 1992ರಲ್ಲಿ ಆ ಸಂಗತಿಯನ್ನು ಪ್ರಕಟಿಸಿದಳು. ಆ ಗೆರೆಗಳಿಗೆಂದೇ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2002ರಲ್ಲಿ. ಮದ್ದು ಸ್ನಾಯುವನ್ನು ಮೂರು ನಾಲ್ಕು ತಿಂಗಳು ಸಡಿಲಿಸಿ, ತನ್ನಷ್ಟಕ್ಕೆ ಇಳಿದುಹೋಗುತ್ತದೆ. ಬಲ್ಲ ವೈದ್ಯರ ಕೈಯಲ್ಲಿ ಇದರ ತೊಂದರೆಗಳು ಸಾಮಾನ್ಯವಾಗಿ ಅಲ್ಪ. ಅರಿಯದವರ ಕೈಯಲ್ಲಿ ರೆಪ್ಪೆ ಜೋಲುಬೀಳಬಹುದು. ಫಿಲ್ಲರಿನ ಅಪಾಯವು ಇದಕ್ಕಿಂತ ಹೆಚ್ಚಿನದು. ಅದು ತಪ್ಪಿ ರಕ್ತನಾಳವನ್ನು ಹೊಕ್ಕರೆ ಚರ್ಮವು ಕೊಳೆಯುವುದೂ, ಅಪರೂಪವಾಗಿ ಕಣ್ಣೇ ಹೋಗುವುದೂ ಉಂಟು. ಲೇಸರನ್ನೂ ಆಮ್ಲಲೇಪವನ್ನೂ ಕಪ್ಪು ಚರ್ಮದ ಮೇಲೆ ಅಜಾಗರೂಕತೆಯಿಂದ ಬಳಸಿದರೆ ಕಲೆ ಹೋಗುವ ಬದಲು ಇನ್ನೂ ಕಪ್ಪಾದ ಕಲೆಯು ಕುಳಿತುಕೊಳ್ಳುತ್ತದೆ. ಚಿಕಿತ್ಸೆ ಮಾಡುವವರು ಓದಿದ ವೈದ್ಯರೋ, ಕೆಲವು ವಾರಗಳ ತರಬೇತಿಯ ಬಲದಿಂದ ಸೂಜಿ ಹಿಡಿದ ಅಂಗಡಿಯವರೋ ಎಂದು ತಾಯಿಯು ಕೇಳುವುದಾದರೆ ಅದು ತಾಯ್ತನಕ್ಕೆ ಒಪ್ಪುವ ಪ್ರಶ್ನೆ.

ಆದರೆ ವಾಸ್ತವವಾಗಿ ನಡೆಯುವುದೇನು? ಸೂಜಿಗೆ ಬೆದರುವ ತಾಯಿಯು ಟ್ಯೂಬಿಗೆ ಬೆದರುವುದಿಲ್ಲ. ಮಗಳು ವೈದ್ಯರ ಬಳಿಗೆ ಹೋದಳೆಂದು ಕಣ್ಣೀರಿಡುವವಳೇ, ಪಕ್ಕದ ಮನೆಯವರು ಹೇಳಿದ ಮುಲಾಮನ್ನು ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತರಿಸಿ, ಮಗಳು ಹದಿನಾರರವಳಾಗಿದ್ದಾಗಿನಿಂದ ಹಚ್ಚಿದ್ದಾಳೆ. ಆ ಮುಲಾಮಿನ ಮೂಲವನ್ನು ಅರಿತರೆ ಅವಳ ಕೈ ನಡುಗೀತು. ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್ನನು ತನ್ನ ಸಹೋದ್ಯೋಗಿಯೊಡನೆ 1975ರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್, ಈ ಮೂರನ್ನು ಬೆರೆಸಿ ಚರ್ಮದ ಬಣ್ಣವನ್ನು ತಿಳಿಗೊಳಿಸುವ ಯೋಗವೊಂದನ್ನು ಪ್ರಕಟಿಸಿದನು. ಬಂಗಿನಂಥ ರೋಗಕ್ಕೆ, ವೈದ್ಯರ ಕಣ್ಣಿನ ಮುಂದೆ, ಕೆಲವು ವಾರಗಳ ಮಟ್ಟಿಗೆ ಸಲ್ಲಬೇಕಾದ ಇಂಥ ಮಿಶ್ರಣಗಳು ಈ ದೇಶದಲ್ಲಿ ಬಿಳುಪಿನ ಮುಲಾಮುಗಳಾಗಿ ವರ್ಷಗಟ್ಟಲೆ ಹಚ್ಚಲ್ಪಡುತ್ತಿವೆ. ಮೊದಮೊದಲು ಮುಖವು ಹೊಳೆಯುತ್ತದೆ. ಆಮೇಲೆ ಚರ್ಮವು ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆಗಳು ಮುತ್ತಿ, ಕೆನ್ನೆಯಲ್ಲಿ ಕೂದಲು ಹುಟ್ಟುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಕೇಡು. ಭಾರತದ ಹಲವು ಊರುಗಳ ಚರ್ಮರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಮುಖದ ತೊಂದರೆಯಿಂದ ಬಂದ 2926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಮುಲಾಮನ್ನು ಮುಖಕ್ಕೆ ಹಚ್ಚುತ್ತಿದ್ದವರೆಂದು ತಿಳಿದುಬಂದಿತು. ಇದಕ್ಕೆ ವೈದ್ಯರು ಸ್ಟೀರಾಯ್ಡಿನಿಂದ ಕೆಟ್ಟ ಮುಖವೆಂಬ ಅರ್ಥದ ಹೆಸರನ್ನೇ ಇಡಬೇಕಾಯಿತು. 2018ರ ಮಾರ್ಚಿಯಲ್ಲಿ ಕೇಂದ್ರಸರಕಾರವು ಇಂಥ 14 ಸ್ಟೀರಾಯ್ಡುಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಾನೂನು ಕಾಗದದಲ್ಲಿದೆ, ಟ್ಯೂಬು ಕನ್ನಡಿಯ ಕೆಳಗಣ ಗೂಡಿನಲ್ಲಿದೆ.

ಪಾದರಸದ ಕಥೆಯು ಇದಕ್ಕಿಂತ ಘೋರವಾದುದು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರದವರೆಗೆ, ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಗೆ ಆ ಕಾಯಿಲೆಯ ಅಪರೂಪವಾದ ಪ್ರಭೇದವಿದ್ದಿತು. ಆ 15ರಲ್ಲಿ 13 ಮಂದಿ ಬಿಳುಪಿನ ಮುಲಾಮನ್ನು ಬಳಸಿದ್ದರು. ಮುಲಾಮುಗಳನ್ನು ಪರೀಕ್ಷಿಸಿದಾಗ ಪಾದರಸವು ಕಂಡುಬಂದಿತು. ಭಾರತವು 2018ರಲ್ಲಿ ಸೇರಿಕೊಂಡ ಮಿನಮಾಟ ಒಪ್ಪಂದದ ಪ್ರಕಾರ, ಹತ್ತು ಲಕ್ಷ ಭಾಗಕ್ಕೆ ಒಂದು ಭಾಗಕ್ಕಿಂತ ಹೆಚ್ಚು ಪಾದರಸವುಳ್ಳ ಬಿಳುಪಿನ ಮುಲಾಮುಗಳ ತಯಾರಿಕೆಯೂ ಆಮದುರಫ್ತುಗಳೂ 2020ರ ಹೊತ್ತಿಗೇ ನಿಲ್ಲಬೇಕಾಗಿದ್ದವು. ಮುಖದ ಬಣ್ಣಕ್ಕಾಗಿ ಮೂತ್ರಪಿಂಡವನ್ನು ತೆತ್ತ ಈ ಜನರು ಬೊಟಾಕ್ಸಿನ ಹುಚ್ಚಿಗೆ ಬಿದ್ದವರಲ್ಲ. ಮನೆಯಲ್ಲಿ ಕುಳಿತು, ನಿರುಪದ್ರವಿಯೆಂದು ನಂಬಿ, ಬೆರಳಿನಿಂದ ಹಚ್ಚಿಕೊಂಡವರು. ತಾಯಿಯ ಭಯಕ್ಕೆ ಕಣ್ಣಿದ್ದರೆ ಅದು ಮೊದಲು ಈ ಕಡೆಗೆ ತಿರುಗಬೇಕಾಗಿತ್ತು.

ಕೋಪಗೊಳ್ಳುವ ತಾಯಿ, ಭಯಪಡುವ ತಾಯಿ ಇವರಿಬ್ಬರಲ್ಲದೆ ಮೂರನೆಯವಳೊಬ್ಬಳಿದ್ದಾಳೆ. ಅವಳನ್ನು ಯಾರೂ ಆಕ್ಷೇಪಿಸುವುದಿಲ್ಲ. ಅವಳೇ ಎಲ್ಲರಿಗಿಂತ ಹೆಚ್ಚು ಆಕ್ಷೇಪಾರ್ಹಳು. ಮಗಳ ಮದುವೆಯ ಮಾತು ಬಂದೊಡನೆ ತಾನೇ ಅವಳನ್ನು ಕರೆದುಕೊಂಡು ಹೋಗಿ, ತಾನೇ ಹಣ ಕಟ್ಟಿ, ಲೇಸರಿಗೂ ಲೇಪಕ್ಕೂ ಒಪ್ಪಿಸುವವಳು ಈಕೆ. ಚಿಕಿತ್ಸೆಯು ಒಂದೇ, ಸೂಜಿಯು ಒಂದೇ. ಗಂಡಿನ ಕಡೆಯವರ ಕಣ್ಣಿಗಾಗಿ ಮಾಡಿಸಿದರೆ ಅದು ತಾಯಿಯ ಕರ್ತವ್ಯವೆನಿಸಿಕೊಳ್ಳುತ್ತದೆ. ಮಗಳು ತನ್ನ ಕಣ್ಣಿಗಾಗಿ ಮಾಡಿಸಿಕೊಂಡರೆ ಕುಲಕ್ಕೆ ಅವಮಾನವೆನಿಸಿಕೊಳ್ಳುತ್ತದೆ. ಸಮಾಜವು ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಹಳಿಯುವವರೆಗೆ, ಈ ವಾದವು ಮುಖದ ಅಂದವನ್ನು ಕುರಿತದ್ದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಇದು ಒಡೆತನದ ವಾದ. ಹೆಣ್ಣಿನ ಮುಖವು ಮೊದಲು ತಾಯಿತಂದೆಗಳದು, ಆಮೇಲೆ ಗಂಡನದು. ಅವಳದಾಗುವುದು ಎಂದೂ ಇಲ್ಲ ಎಂಬ ಹಳೆಯ ನಂಬಿಕೆಯೇ ಇಲ್ಲಿ ಹೊಸ ಉಡುಪಿನಲ್ಲಿ ನಿಂತಿದೆ.

ಹಾಗೆಂದು ಮಗಳ ಪಕ್ಷದವರ ಮಾತೆಲ್ಲ ಸರಿಯೆಂದಲ್ಲ. "ನನ್ನ ಮುಖ, ನನ್ನ ಇಚ್ಛೆ" ಎಂದುಬಿಟ್ಟರೆ ವಿಚಾರವು ಮುಗಿಯುವುದಿಲ್ಲ. ಹಕ್ಕು ಅವಳದು, ನಿಜ. ಇಚ್ಛೆಯು ಪೂರ್ತಿಯಾಗಿ ಅವಳದೋ ಎಂಬುದನ್ನು ಅವಳೂ ಕೇಳಿಕೊಳ್ಳಬೇಕು. ಮೂವತ್ತೈದರ ಹಣೆಯಲ್ಲಿ ಮೂಡುವ ಗೆರೆಯನ್ನು ರೋಗವೆಂದು ಹೇಳಿ ಹಣ ಕೀಳುವವರ ಮಾತಿಗೂ, ಅವಳ ಬಣ್ಣವನ್ನು ದುರದೃಷ್ಟವೆಂದ ನೆಂಟರ ಮಾತಿಗೂ ವ್ಯತ್ಯಾಸವು ಬಹಳವಿಲ್ಲ. ಒಂದು ಸೆರೆಯಿಂದ ಬಿಡಿಸಿಕೊಂಡು ಇನ್ನೊಂದನ್ನು ಹೊಕ್ಕು ಅದನ್ನು ಸ್ವಾತಂತ್ರ್ಯವೆಂದು ಕರೆಯುವುದು ವಿವೇಕವಲ್ಲ. ಆದರೆ ಈ ಮಾತನ್ನು ಅವಳಿಗೆ ಹೇಳತಕ್ಕವರು ಯಾರು? ಗೆರೆಗಳನ್ನೂ ಬಣ್ಣವನ್ನೂ ಎಂದೂ ಎಣಿಸದೆ ಅವಳನ್ನು ಸಾಕಿದವರು ಹೇಳಿದರೆ ಅವಳು ಕೇಳಿಯಾಳು. ಎಣಿಸಿ ಎಣಿಸಿ ಬೆಳೆಸಿದವರು ಹೇಳಿದರೆ ಅದು ಹಳೆಯ ತೀರ್ಪಿನ ಹೊಸ ಪ್ರತಿಯಾಗಿ ಅವಳ ಕಿವಿಗೆ ಬೀಳುತ್ತದೆ.

ಹಾಗಾದರೆ ತಾಯಿಯು ಮಾಡಬೇಕಾದುದೇನು? ಪ್ರಾಯಕ್ಕೆ ಬಂದ ಮಗಳಿಗೆ ಅಪ್ಪಣೆ ಕೊಡುವ, ಅಪ್ಪಣೆ ತಡೆಯುವ ಕಾಲವು ಮುಗಿಯಿತೆಂದು ಅವಳು ಮೊದಲು ಒಪ್ಪಿಕೊಳ್ಳಲಿ. ಆಮೇಲೆ ಅವಳಿಗೆ ಉಳಿಯುವ ಕೆಲಸವು ಸಣ್ಣದೇನೂ ಅಲ್ಲ. ವೈದ್ಯರು ಯಾರು, ಅವರ ಓದು ಏನು, ಚುಚ್ಚುವ ಮದ್ದಿನ ಹೆಸರೇನು, ಕೆಟ್ಟರೆ ಮುಂದೇನು ಎಂದು ಕೇಳಿ ಜೊತೆಯಲ್ಲಿ ಹೋಗಿ ಕುಳಿತುಕೊಳ್ಳುವವಳು, ಮನೆಯಲ್ಲಿ ಅತ್ತು ಕುಳಿತವಳಿಗಿಂತ ಮಗಳಿಗೆ ಹೆಚ್ಚು ಬೇಕಾದವಳು. ತಾಯಿಯು ಬೈದಾಳೆಂಬ ಅಂಜಿಕೆಯಿಂದ ಗುಟ್ಟಾಗಿ, ಅಗ್ಗವಾದ ಕಡೆ, ಒಬ್ಬಳೇ ಹೋಗಿ ಮುಖವನ್ನು ಒಪ್ಪಿಸುವ ಹುಡುಗಿಯೇ ಅಪಾಯದ ಹತ್ತಿರ ನಿಂತಿರುವವಳು. ಆ ಅಪಾಯದ ಅರ್ಧವು ಸೂಜಿಯದಾದರೆ ಇನ್ನರ್ಧವು ಬೈಗುಳದ್ದು.

ಮಾತಿಗಿಂತ ಬಲವಾದ ಉಪದೇಶವೂ ತಾಯಿಯ ಬಳಿ ಇದೆ; ಅದು ಅವಳ ಸ್ವಂತ ಮುಖ. ತನ್ನ ನರೆಯನ್ನೂ ಸುಕ್ಕನ್ನೂ ನಾಚಿಕೆಯಿಲ್ಲದೆ ಧರಿಸಿದ ಹೆಂಗಸಿನ ಮುಂದೆ ಮುಪ್ಪಿನ ಭಯವನ್ನು ಮಾರುವವರ ವ್ಯಾಪಾರವು ಸಾಗುವುದಿಲ್ಲ. ಆದರೆ ಕನ್ನಡಿಯ ಮುಂದೆ ನಿಂತಾಗಲೆಲ್ಲ "ನನ್ನ ಮುಖ ಹಾಳಾಗಿಹೋಯಿತು" ಎಂದು ಹಲುಬುವವಳು, ಅದೇ ಮುಖದ ಅಚ್ಚನ್ನು ಹೊತ್ತ ಮಗಳಿಗೆ ಧೈರ್ಯದ ಮಾತನ್ನು ಯಾವ ಬಾಯಿಂದ ಹೇಳಿಯಾಳು?

ಈಗಿನ ಮಗಳ ಮುಖದ ವಿಷಯದಲ್ಲಿ ತಾಯಿಯ ಹಕ್ಕಿನ ಕಾಲವು ಮೀರಿದೆ. ಅಲ್ಲಿ ಅವಳಿಗೆ ಉಳಿದಿರುವುದು ಸ್ನೇಹ ಮಾತ್ರ. ಆದರೆ ಮುಂದಿನ ತಲೆಮಾರಿನ ವಿಷಯದಲ್ಲಿ ಕಾಲವಿನ್ನೂ ಮೀರಿಲ್ಲ. ನಾಳೆ ಆ ಮಗಳಿಗೆ ಹೆಣ್ಣುಕೂಸು ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಬಿಳಿಯ ಬಟ್ಟೆಯನ್ನು ಸರಿಸಿ ಅದರ ಮೊಗವನ್ನು ನೋಡುವ ಅಜ್ಜಿಯ ಬಾಯಿಂದ ಮೊದಲು ಹೊರಡುವ ಮಾತು ಯಾವುದು? ಕೂಸಿನ ಬಣ್ಣವನ್ನು ಕುರಿತದ್ದಾದರೆ, ಮೂವತ್ತು ವರ್ಷಗಳ ಮೇಲೆ ಚುಚ್ಚಬೇಕಾದ ಸೂಜಿಯನ್ನು ಅಂದೇ ಚುಚ್ಚಿದಂತಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಿಜಮಾಡಿ ತೋರಿಸುವ ಅವಕಾಶವು ಆ ಒಂದು ಗಳಿಗೆಯಲ್ಲಿದೆ. ಬೊಟಾಕ್ಸಿನ ಮೇಲಿನ ಕೋಪದಲ್ಲಿಲ್ಲ.